ಕೈ ವಿಮೆ

"ಈ ಮಗ್ಗ ಯಾರದು?"

ಬಾಗಿಲಲ್ಲಿ ನಿಂತ ಹೆಂಗಸು ಕೇಳಿದಾಗ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದ ಕನಕಪ್ಪ ಲಾಳಿ ಎಸೆಯುವುದನ್ನು ನಿಲ್ಲಿಸಲಿಲ್ಲ.

"ಗುರುಸಿದ್ದವ್ವಂದ್ರಿ."

"ನೀವು ಅವರಿಗೆ ಏನಾಗಬೇಕು?"

"ಏನೂ ಆಗಬೇಕಿಲ್ರಿ. ಇವತ್ತಿನ ಪಾಳಿ ನಂದು."

ಹೆಂಗಸು ಹೆಗಲ ಚೀಲದಿಂದ ಡೈರಿ ತೆಗೆದು ಆ ಮಾತನ್ನು ಹಾಗೆಯೇ ಬರೆದುಕೊಂಡಳು. ಕನಕಪ್ಪ ಈಗ ತಲೆಯೆತ್ತಿದ. ಡೈರಿ ಹಿಡಿದವರು ಮನೆಗೆ ಬಂದರೆ ಒಳ್ಳೆಯದಾಗುವುದಿಲ್ಲ ಎಂಬುದು ಇಳಕಲ್ಲಿನ ಆ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. "ಅಕ್ಕಾ, ಬಾ ಇಲ್ಲೆ. ಯಾರೋ ಮೇಡಂ ಬಂದಾರ" ಎಂದು ಕೂಗಿದ.

ಒಳಗೆ ಗುರುಸಿದ್ದವ್ವ ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತಿದ್ದಳು. ಬಲಗೈಯ ಪ್ಲಾಸ್ಟರಿನಿಂದ ಹೊರಗಿಣುಕಿದ ಬೆರಳ ತುದಿಯಲ್ಲಿ ನೂಲು ಹಿಡಿದು, ಎಡಗೈಯಿಂದ ರಾಟಿ ತಿರುಗಿಸುವುದನ್ನು ಈ ಹದಿನಾರು ದಿನಗಳಲ್ಲಿ ಕಲಿತಿದ್ದಳು. ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು.

"ನಾ ರೋಹಿಣಿ ಅಂತ್ರಿ, ಅಕ್ಕಾರ. ಬಾಗಲಕೋಟಿ ಸಹಕಾರ ಇಲಾಖೆಯಿಂದ ಬಂದೇನಿ. ನಿಮ್ಮ ನೇಕಾರರ ಸಂಘದ ಬಗ್ಗೆ ಒಂದು ಅರ್ಜಿ ಬಂದೈತಿ. ಮಧ್ಯಾಹ್ನ ಎರಡಕ್ಕ ಎಲ್ಲಾರ್ನೂ ಸಂಘದ ಕೋಣೆಗೆ ಕರಸೇನಿ, ನೀವೂ ಬರಬೇಕು." ಅಷ್ಟು ಹೇಳಿ ಪ್ಲಾಸ್ಟರನ್ನು ನೋಡಿ ದನಿ ಇಳಿಸಿದಳು. "ಭಾಳ ನೋವೈತೇನ್ರಿ?"

"ನೋವು ಹೋತ್ರಿ. ತಿಂಡಿ ಬಿಟ್ಟೈತಿ. ಒಳಗ ಕೆರೆಯಾಕ ಬರಂಗಿಲ್ಲ, ಅದ ದೊಡ್ಡ ಶಿಕ್ಷಾ."

ರೋಹಿಣಿ ನಕ್ಕಳು. ಅಷ್ಟರಲ್ಲಿ ಅವಳ ಮೊಬೈಲು ಬಡಿದುಕೊಂಡಿತು. "ಡಬ್ಬಿ ಫ್ರಿಜ್ಜಿನ ಒಳಗಲ್ಲ, ಮ್ಯಾಲೆ. ಮ್ಯಾಲೆ ನೋಡೊ. ತಂಗೀಗೂ ಕೊಡು" ಎಂದು ಒಂದೇ ಉಸಿರಿಗೆ ಹೇಳಿ ಫೋನು ಚೀಲಕ್ಕೆ ಹಾಕಿ, "ನಿಮ್ಮ ಬಾಂಡು ಸ್ವಲ್ಪ ತೋರಸ್ರಿ" ಎಂದಳು.

ಗುರುಸಿದ್ದವ್ವ ಟ್ರಂಕಿನಿಂದ ಮಗಳ ಮಾರ್ಕ್ಸ್ ಕಾರ್ಡುಗಳ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಕಾಗದ ತಂದಳು. ಸುತ್ತ ಬಂಗಾರದ ಬಣ್ಣದ ಅಂಚು. ಮೂಲೆಯಲ್ಲಿ ಅವಳ ಫೋಟೊ, ಅದರ ಪಕ್ಕಕ್ಕೆ ಮೊಬೈಲ್ ಡಬ್ಬಿಗಳ ಮೇಲೆ ಇರುವಂಥ ಹೊಳೆಯುವ ಸ್ಟಿಕ್ಕರು. ನಡುವೆ ದಪ್ಪಕ್ಷರದಲ್ಲಿ 'ಕೈ ವಿಮಾ ಬಾಂಡು'. ಕೆಳಗೆ: ಸದಸ್ಯರ ಕೈ ನೇಯಲು ಅಸಮರ್ಥವಾದಲ್ಲಿ ನಲವತ್ತೆರಡು ದಿನಗಳವರೆಗೆ ಅವರ ಮಗ್ಗ ನಿಲ್ಲದಂತೆ ಸಂಘವು ನೋಡಿಕೊಳ್ಳತಕ್ಕದ್ದು.

ರೋಹಿಣಿ ಅದನ್ನು ಎರಡು ಸಲ ಓದಿದಳು. ಆಮೇಲೆ ಮಗ್ಗದ ಕಡೆ ನೋಡಿದಳು. ಲಾಳಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೋಗುತ್ತಿತ್ತು.

"ಮೇಡಂ, ನೀವು ಹಿಂಗ ನೋಡಕೋಂತ ನಿಂತ್ರ ನನ್ನ ಸೀರಿ ದಡಿ ಸೊಟ್ಟ ಆಕೈತ್ರಿ" ಎಂದ ಕನಕಪ್ಪ.

*

ಹದಿನಾರು ದಿನಗಳ ಹಿಂದೆ ನಲ್ಲಿ ಕಟ್ಟೆಯ ಪಾಚಿಯ ಮೇಲೆ ಗುರುಸಿದ್ದವ್ವನ ಕಾಲು ಜಾರಿ, ಬಿದ್ದ ಭಾರವೆಲ್ಲ ಬಲ ಮಣಿಕಟ್ಟಿನ ಮೇಲೆ ಬಂದಿತ್ತು. ಆರು ವಾರ ಕಟ್ಟು ಬಿಚ್ಚುವಂತಿಲ್ಲ ಎಂದಿದ್ದರು ದವಾಖಾನೆಯಲ್ಲಿ. ಗಂಡ ಹೋದ ಮೇಲೆ ಹನ್ನೊಂದು ವರ್ಷ ಅವಳನ್ನೂ ಮಗಳನ್ನೂ ಸಾಕಿದ್ದು ಆ ಕೈ. ಮಗ್ಗದ ಮೇಲೆ ಮೂರು ಸೀರೆಗಾಗುವಷ್ಟು ಉದ್ದದ ಎಳೆಗಳ ಹಾಸು ಹೂಡಿತ್ತು, ಅದು ನೂಲು ಕೊಟ್ಟು ನೇಯಿಸಿಕೊಳ್ಳುವ ಸಾವಕಾರರದು. ಹಾಸು ಬಹಳ ದಿನ ಸುಮ್ಮನೆ ನಿಂತರೆ ಅವರು ಬಿಚ್ಚಿಸಿಕೊಂಡು ಬೇರೆ ಮನೆಗೆ ಕೊಡುತ್ತಾರೆ. ಹಾಗೆ ಒಮ್ಮೆ ಹೋದ ಹಾಸು ಅದೇ ಮನೆಗೆ ತಿರುಗಿ ಬಂದದ್ದನ್ನು ಓಣಿಯಲ್ಲಿ ಯಾರೂ ನೋಡಿರಲಿಲ್ಲ.

ಮಗಳು ಭುವನೇಶ್ವರಿ ಬಾಗಲಕೋಟೆಯ ಹಾಸ್ಟೆಲಿನಲ್ಲಿದ್ದು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದುತ್ತಿದ್ದಳು. ಕೊನೆಯ ವರ್ಷದ ಪರೀಕ್ಷೆ ಬರುವ ಸೋಮವಾರದಿಂದ. ಹತ್ತನೆಯ ವಯಸ್ಸಿಗೇ ಕುಣಿಗೆ ಇಳಿದು ಕಲಿತ ಹುಡುಗಿ. ಕೈ ಮುರಿದದ್ದು ಗೊತ್ತಾದರೆ ಆ ರಾತ್ರಿಯ ಬಸ್ಸಿಗೇ ಬಂದು ಮಗ್ಗದಲ್ಲಿ ಕೂತುಬಿಡುತ್ತಾಳೆ, ಪರೀಕ್ಷೆ ಮುಂದಿನ ವರ್ಷ ಎನ್ನುತ್ತಾಳೆ. ಮುಂದಿನ ವರ್ಷ ಎಂದ ಓದು ಏನಾಗುತ್ತದೆ ಎಂಬುದೂ ಗುರುಸಿದ್ದವ್ವನಿಗೆ ಗೊತ್ತಿತ್ತು. ಅವಳದೇ ಏಳನೆಯ ಇಯತ್ತೆ ಹಾಗೆ ಮುಂದಿನ ವರ್ಷಕ್ಕೆ ಹೋದದ್ದು ಇನ್ನೂ ಬಂದಿರಲಿಲ್ಲ. ಆದ್ದರಿಂದ ಹೇಳಿರಲಿಲ್ಲ. ದಿನಾ ಸಂಜೆ ಏಳಕ್ಕೆ ಮಗಳ ಫೋನು ಬರುತ್ತಿತ್ತು; ಸ್ಪೀಕರಿಗೆ ಹಾಕಿ ನೇಯುತ್ತಲೇ ಮಾತಾಡುವುದು ಮೊದಲಿನಿಂದ ಅವಳ ರೂಢಿ. ಪಾಳಿಯವರು ಏಳೂವರೆತನಕ ಎದ್ದು ಹೋಗದಂತೆ ಅವಳು ಚಹಾ ಕೊಟ್ಟು ಹಿಡಿದಿಡುತ್ತಿದ್ದಳು. ಅತ್ತ ಮಗಳ ಕಿವಿಗೆ ಮಗ್ಗದ ಸಪ್ಪಳ ಬೀಳುತ್ತಿತ್ತು. ಅಷ್ಟಾದರೆ ಸಾಕಿತ್ತು.

ಪಾಳಿ ಎಂಬುದು ಆ ಓಣಿಗೆ ಹೊಸದೇನಲ್ಲ. ಬಾಣಂತಿಯಾದರೆ, ಜ್ವರ ಬಂದರೆ, ಚೇಳು ಕಡಿದರೆ, ಮನೆಯಲ್ಲಿ ಸಾವಾದರೆ ಉಳಿದವರು ದಿನಕ್ಕೊಬ್ಬರಂತೆ ಬಂದು ಆ ಮಗ್ಗದಲ್ಲಿ ಕೂರುತ್ತಿದ್ದರು. ಯಾರ ಪಾಳಿ ಎಂದು ಎಲ್ಲೂ ಬರೆದಿರಲಿಲ್ಲ. ಬಸ್ ಸ್ಟ್ಯಾಂಡಿನ ಬಳಿ ಝೆರಾಕ್ಸ್ ಅಂಗಡಿಯಿಟ್ಟ ಅನಿಲಕುಮಾರ ಸಂಘದ ಕಾರ್ಯದರ್ಶಿಯಾದ ಮೇಲೆ ಅದಕ್ಕೊಂದು ರೂಪ ಬಂತು. ಅವನಿಗೆ ಓಣಿಯ ಮೇಲೆ ಪ್ರೀತಿಯಿತ್ತು, ಕಲರ್ ಪ್ರಿಂಟರೂ ಇತ್ತು. "ಬ್ಯಾಂಕಿನವರಿಗೆ ಬಾಂಡ್ ಐತಿ, ಎಲ್ಲಾರಿಗೂ ಐತಿ, ನೇಕಾರರಿಗೆ ಯಾಕ ಬ್ಯಾಡ?" ಎಂದು ತಿಂಗಳಿಗೆ ಇಪ್ಪತ್ತು ರೂಪಾಯಿ ಚಂದಾ ಇಟ್ಟು, ನಲವತ್ಮೂರು ಮಗ್ಗಕ್ಕೂ ಬಾಂಡು ಕೊಟ್ಟ. ಎಲ್ಲರಿಗೂ ಹೆಮ್ಮೆಯಾಯಿತು. ಕೆಲವರು ಚೌಕಟ್ಟು ಹಾಕಿಸಿ ದೇವರ ಜಗುಲಿಯ ಪಕ್ಕದಲ್ಲಿ ತೂಗುಹಾಕಿದರು.

ಮೊದಲು ಬಾಂಡು ಬಳಸಲು ಬಂದವನು ಈರಪ್ಪ. ಸೀರೆಯ ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಕೊಂಡಿ ಹಾಕುವುದರಲ್ಲಿ ಓಣಿಯಲ್ಲಿ ಅವನನ್ನು ಮೀರಿಸಿದವರಿಲ್ಲ. ಹೋದ ವರ್ಷ ಅವನ ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆ ಹೊತ್ತು ಬೇಕಾಯಿತು. ಪಾಳಿ ಕಳಿಸಿ ಎಂದು ಕೇಳಿದ. ಅನಿಲಕುಮಾರ ಸಭೆ ಕರೆದು ಬಾಂಡನ್ನೇ ಗಟ್ಟಿಯಾಗಿ ಓದಿದ. "ಕೈ ಅಂತ ಐತಿ, ಕಾಕಾ. ಕಣ್ಣು ಅಂತ ಇಲ್ಲ. ಒಬ್ಬರಿಗೆ ಕಣ್ಣಂತ ಕೊಟ್ರ ನಾಳೆ ಇನ್ನೊಬ್ರು ಮೊಣಕಾಲು ಅಂತಾರ." ಬರೆದದ್ದು ಹಾಗೆಯೇ ಇತ್ತು. ಈರಪ್ಪನಿಗೆ ಪಾಳಿ ಇಲ್ಲ ಎಂಬ ಠರಾವಿಗೆ ಎಲ್ಲರೂ ಸಹಿ ಹಾಕಿದರು, ಗುರುಸಿದ್ದವ್ವನೂ ಹಾಕಿದಳು. ಈರಪ್ಪನ ಹಾಸನ್ನು ಸಾವಕಾರರು ಬಿಚ್ಚಿಸಿಕೊಂಡು ಹೋದರು. ಚಂದಾ ಕೊಡುವುದನ್ನು ಅವನು ನಿಲ್ಲಿಸಿದ, ಹೆಸರು ಹೊಡೆದುಹಾಕಿದರು. ಈಗ ಕಣ್ಣು ಬಂದಿದ್ದವು. ಬೇರೆಯವರ ಮಗ್ಗದಲ್ಲಿ ದಿನಗೂಲಿಗೆ ಕೂರುತ್ತಿದ್ದ.

*

ಸಂಘದ ಕೋಣೆಯಲ್ಲಿ ಬಸವಣ್ಣನವರ ಫೋಟೊದ ಕೆಳಗೆ ರೋಹಿಣಿ ಕೂತಿದ್ದಳು. ಅವಳ ಮುಂದಿನ ಟೇಬಲ್ಲಿನ ಮೇಲೆ ಚೌಕಟ್ಟಿನ ಸಮೇತ ಬಿಚ್ಚಿ ತಂದ ಬಾಂಡುಗಳ ಸಾಲಿತ್ತು. ಬಾಗಿಲ ಹೊರಗೆ, ಚಪ್ಪಲಿಗಳ ನಡುವೆ, ಈರಪ್ಪ ನಿಂತಿದ್ದ.

"ಅರ್ಜಿ ಬರದಾಂವ ಬಂದಾನ ನೋಡ್ರಿ. ಓಣಿ ಮುಳಗಸಾಕ ಹೊರಟಾನ" ಎಂದ ಅನಿಲಕುಮಾರ. ಅವನ ಮುಖ ಬಾಡಿಹೋಗಿತ್ತು.

"ನೋಡ್ರಿ" ಎಂದು ರೋಹಿಣಿ ಶುರುಮಾಡಿದಳು. "ಎಲ್ಲಾರ ಕಡೆಯಿಂದ ಚಂದಾ ತಗೊಂಡು, ಆಪತ್ತು ಬಂದ್ರ ಇಂತಿಷ್ಟು ಕೊಟ್ಟೇ ಕೊಡತೇವಿ ಅಂತ ಬರದು ಕೊಟ್ರ ಅದು ವಿಮಾ ವ್ಯವಹಾರ ಆಗತೈತಿ. ಅದಕ್ಕ ಬ್ಯಾರೆ ಕಾಯ್ದೆ ಐತಿ, ಸರಕಾರದ ಪರವಾನಗಿ ಬೇಕು. ಪರವಾನಗಿ ಬೇಕಂದ್ರ ನೂರು ಕೋಟಿ ಬಂಡವಾಳ ತೋರಸ್ಬೇಕು."

"ನೂರು ಕೋಟಿ ಇದ್ದಿದ್ರ" ಎಂದ ಕನಕಪ್ಪ ಹಿಂದಿನಿಂದ, "ನಾವು ಕೈ ಮುರಕೊಳ್ಳಾಕೂ ಆಳು ಇಡತಿದ್ವಿ ಮೇಡಂ."

ನಗು ಎದ್ದಿತು. ರೋಹಿಣಿಯೂ ನಕ್ಕಳು, ಆದರೆ ನಗು ಮುಗಿಯುವ ಮೊದಲೇ ಮಾತು ಮುಂದುವರಿಸಿದಳು. "ನಾ ಶಿರೂರಾಕಿ. ನಮ್ಮವ್ವ ಸಕ್ರವ್ವ ಅಂತ, ಕೂಲಿ ಮಾಡಾಕಿ. ಆಕೀನೂ ಇಂಥಾದ ಒಂದು ಚೆಂದನ ಕಾರ್ಡು ಟ್ರಂಕಿನ್ಯಾಗ ಇಟ್ಟಿದ್ಲು. ಪ್ರತಿ ವಾರ ಸಂತಿ ದಿನ ಬಂದು ಒಬ್ಬಾಂವ ಚಂದಾ ಒಯ್ತಿದ್ದ. ನಮ್ಮಪ್ಪ ಹಾಸಿಗಿ ಹಿಡದಾಗ ಕಾರ್ಡು ತಗೊಂಡು ಹೋದ್ಲು. ಆ ಆಫೀಸಿನ್ಯಾಗ ಕಿರಾಣಿ ಅಂಗಡಿ ಕುಂತಿತ್ತು. ಕಾಯ್ದೆ ಸುಮ್ನ ಹುಟ್ಟಿಲ್ರಿ, ಅಂಥ ಮೋಸದವರ ಸಲುವಾಗಿ ಹುಟ್ಟೈತಿ. ನೀವು ಅಂಥವರಲ್ಲ, ನನಗ ಕಾಣತೈತಿ. ಆದ್ರ ಕಾಗದ ಅವರದೂ ಹಿಂಗ ಇತ್ತು, ನಿಮ್ಮದೂ ಹಿಂಗ ಐತಿ."

ಅನಿಲಕುಮಾರ ನೆಲ ನೋಡಿದ. "ಇನ್ನ ಅರ್ಜಿ ಓದ್ತೇನಿ" ಎಂದು ಅವಳು ಗೆರೆ ಹಾಳೆಯೊಂದನ್ನು ಬಿಡಿಸಿದಳು.

"'ಮಾನ್ಯರೇ, ನಾನು ಈರಪ್ಪ, ವೃತ್ತಿಯಿಂದ ನೇಕಾರ. ನಮ್ಮ ಸಂಘದ ಬಾಂಡಿನಲ್ಲಿ ಕೈ ಒಂದನ್ನೇ ಬರೆದಿದ್ದಾರೆ. ನೇಕಾರನಿಗೆ ಕಣ್ಣೂ ಬೇಕಾಗುತ್ತದೆ. ನನ್ನದು ಆದದ್ದು ಆಯಿತು, ನನಗೆ ಏನೂ ಬೇಡ. ಮುಂದೆ ಯಾರಿಗಾದರೂ ಕಣ್ಣು ಹೋದಾಗ ತೊಂದರೆ ಆಗಬಾರದು. ಆದ್ದರಿಂದ ಸದರಿ ಬಾಂಡಿನಲ್ಲಿ ಕಣ್ಣನ್ನೂ ಸೇರಿಸಲು ದಯಾಳುಗಳಾದ ತಾವು ಸಂಘಕ್ಕೆ ಆದೇಶ ಮಾಡಬೇಕಾಗಿ ವಿನಂತಿ.'"

ಗುರುಸಿದ್ದವ್ವ ಬಾಗಿಲ ಕಡೆ ನೋಡಲಿಲ್ಲ.

"ಇಷ್ಟ?" ಎಂದ ಅನಿಲಕುಮಾರ. "ಸಂಘ ಮುಚ್ಚರಿ ಅಂತ ಬರದಿಲ್ಲ?"

"ಮುಚ್ಚಸಾಕ ನನಗೇನು ಹುಚ್ಚಲೇ?" ಎಂದ ಈರಪ್ಪ ಚಪ್ಪಲಿಗಳ ನಡುವಿನಿಂದ. "ಕಣ್ಣು ಸೇರಸ್ರಿ ಅಂತ ನಿಮಗ ಮೂರು ಸಲ ಹೇಳಿದೆ. ಕೇಳಲಿಲ್ಲ. ದೊಡ್ಡವರ ಹೇಳಿದ್ರ ಕೇಳ್ತೀರಿ ಅಂತ ಬರದೆ. ಅವರು ಬಾಂಡ ತಪ್ಪು ಅಂತಾರಂತ ನನಗ ಹ್ಯಾಂಗ ಗೊತ್ತು?"

ರೋಹಿಣಿ ದಾರಿ ಹೇಳಿದಳು. ಬಾಂಡುಗಳನ್ನೆಲ್ಲ ಇವತ್ತೇ ರದ್ದು ಮಾಡಬೇಕು. ತೆಗೆದುಕೊಂಡ ಚಂದಾ ತಿರುಗಿ ಕೊಟ್ಟು ಸಹಿ ಪಡೆಯಬೇಕು. ಇನ್ನು ಮುಂದೆ ಸಂಘದ ಮೇಲೆ ಯಾವ ಸದಸ್ಯನಿಗೂ ಯಾವ ಹಕ್ಕೂ ಇಲ್ಲ ಎಂದು ಠರಾವಾಗಬೇಕು. ಹಾಗಾದರೆ ತಿಳಿಯದೆ ಆದದ್ದು, ಸರಿಪಡಿಸಿದ್ದಾರೆ ಎಂದು ವರದಿ ಬರೆಯುತ್ತಾಳೆ. ಇಲ್ಲದಿದ್ದರೆ ಕೇಸಾಗುತ್ತದೆ, ಕಾರ್ಯದರ್ಶಿಯ ಹೆಸರು ಮೊದಲು ಬರುತ್ತದೆ.

"ಒಂದ ತೊಡಕು" ಎಂದಳು. "ನಲವತ್ತೊಂದು ಬಾಂಡು ಬರೇ ಕಾಗದ. ಒಂದು ಮಾತ್ರ ಚಾಲ್ತಿ ಐತಿ, ಗುರುಸಿದ್ದವ್ವಾರದು. ಅವರಿಗೆ ಇನ್ನೂ ಇಪ್ಪತ್ತಾರು ದಿನ ಬರಬೇಕು. ಅದನ್ನ ಅವರ ತಾವಾಗಿ ಬಿಟ್ಟುಕೊಡಬೇಕು. ನಾ ಒತ್ತಾಯ ಮಾಡಾಕ ಬರೂದಿಲ್ಲ."

ಎಲ್ಲರೂ ಗುರುಸಿದ್ದವ್ವನ ಕಡೆ ತಿರುಗಿದರು. ಅವಳು ಅನಿಲಕುಮಾರನನ್ನು ನೋಡಿದಳು. ಹೋದ ಶ್ರಾವಣದಲ್ಲಿ ತೊಟ್ಟಿಲು ಹಾಕಿದ ಮನೆ ಅವನದು; ಮಗುವಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಗುರುಸಿದ್ದವ್ವ ಇಪ್ಪತ್ತಾರು ದಿನಗಳನ್ನು ಸೀರೆಗಳಲ್ಲಿ ಎಣಿಸಿದಳು. ಎರಡನೆಯ ಸೀರೆ ಈ ಸಂಜೆಗೆ ಮುಗಿಯುತ್ತದೆ. ಮೂರನೆಯದಕ್ಕೆ ಕೊಂಡಿ ಹಾಕಬೇಕು, ಸೆರಗು ಬರಬೇಕು. ಸೋಮವಾರಕ್ಕೆ ನಾಲ್ಕು ದಿನ.

"ಎಲ್ಲೆ ಸಹಿ ಮಾಡ್ಲಿ?" ಎಂದಳು.

ಬೆರಳ ತುದಿಯಲ್ಲಿ ನೂಲು ನಿಲ್ಲುತ್ತಿತ್ತು, ಪೆನ್ನು ನಿಲ್ಲಲಿಲ್ಲ. ಎರಡು ಸಲ ಜಾರಿಬಿತ್ತು. ಕೊನೆಗೆ ಶಾಯಿಯ ಡಬ್ಬಿ ತಂದರು. ಮದುವೆಯಾಗಿ ಬಂದ ದಿನದಿಂದ ಎಲ್ಲಿಯೂ ಹೆಬ್ಬೆಟ್ಟು ಒತ್ತಿದವಳಲ್ಲ. ಸಹಿ ಮಾಡುತ್ತಾಳೆಂದು ಅತ್ತೆಮನೆಯಲ್ಲಿ ಹೇಳಿಕೊಳ್ಳುತ್ತಿದ್ದರು. ಎಡಗೈ ಹೆಬ್ಬೆರಳು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳದೆ ಗೋಡೆಗೆ ಒರೆಸಿದಳು.

"ಹಂಗಾರ ನಾಳಿಂದ ಪಾಳಿ?" ಎಂದು ಯಾರೋ ಕೇಳಿದರು.

"ಸಂಘದಿಂದ ಪಾಳಿ ಹಚ್ಚಾಕ ಬರೂದಿಲ್ಲ" ಎಂದಳು ರೋಹಿಣಿ, ಕಾಗದ ಜೋಡಿಸುತ್ತ. ಅವಳು ಐದರ ಬಸ್ಸು ಹಿಡಿಯಬೇಕಿತ್ತು. "ನಾಳೆ ಬಂದು ಚಂದಾ ತಿರುಗಿ ಕೊಟ್ಟದ್ದರ ಸಹಿ ನೋಡ್ತೇನಿ." ಮೊಬೈಲು ಮತ್ತೆ ಬಡಿದುಕೊಂಡಿತು. "ಹೂಂ, ಹೊಂಟೆ. ಹೋಂವರ್ಕ್ ಮಾಡಿದ್ಯೇನು?" ಎನ್ನುತ್ತ ಅವಳು ಮೆಟ್ಟಿಲಿಳಿದಳು.

*

ಮರುದಿನ ಎಂಟಾದರೂ ಯಾರೂ ಬರಲಿಲ್ಲ.

ಓಣಿಯ ಎಲ್ಲ ಮನೆಗಳಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಗುರುಸಿದ್ದವ್ವನ ಮನೆಯೊಂದೇ ಸುಮ್ಮನಿತ್ತು. ಪಕ್ಕದ ಮನೆಯ ಹಜರತಬಿ ರೊಟ್ಟಿ ತಂದಿಟ್ಟು ಅಲ್ಲೇ ನಿಂತಳು.

"ನಿನ್ನಿ ಅನಿಲಕುಮಾರ ಮನಿ ಮನಿಗೆ ಬಂದು ಹೇಳ್ಯಾನ, ಅಕ್ಕಾ. ವರದಿ ಹೋಗೂತನಕ ಮೆಂಬರ್ ಯಾರೂ ನಿನ್ನ ಮಗ್ಗದಾಗ ಕುಂಡ್ರಬ್ಯಾಡ್ರಿ, ಮೇಡಂ ಕಣ್ಣಿಗೆ ಬಿದ್ರ ಮತ್ತ ಕೇಸು ಅಂತ. ನಮ್ಮ ಮನಿಯವರು, ಅಹ್ಮದಸಾಬರು, ರಾತ್ರಿಯೆಲ್ಲಾ ಮಲಗಿಲ್ಲ. ಹೋಗಬೇಕಂತಾರ, ಹೆದರತಾರ."

"ಅನಿಲಕುಮಾರ ಹೆದರ್ಲಿ ಬಿಡು. ಅವನ ಮನ್ಯಾಗ ಸಣ್ಣ ಕೂಸೈತಿ" ಎಂದಳು ಗುರುಸಿದ್ದವ್ವ.

ಹಜರತಬಿ ಹೋದ ಮೇಲೆ ಅವಳು ಮೊಬೈಲು ಕೈಗೆತ್ತಿಕೊಂಡಳು. ಮಗಳ ಹೆಸರಿನ ಮೇಲೆ ಬೆರಳಿಟ್ಟು ತೆಗೆದಳು. ಇವತ್ತು ಸಂಜೆ ಏಳಕ್ಕೆ ಮಗ್ಗ ಸುಮ್ಮನಿದ್ದರೆ ಹುಡುಗಿ ಕೇಳುತ್ತಾಳೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಕರೆಂಟು ಹೋಗಿದೆ ಎಂದು ಹೇಳುವಂತಿಲ್ಲ, ಕೈಮಗ್ಗ ಯಾವ ಕರೆಂಟಿಗೆ ನಿಂತೀತು?

ಮೊಬೈಲನ್ನು ಗೂಡಿನಲ್ಲಿಟ್ಟು ಅವಳು ಕುಣಿಗೆ ಇಳಿದಳು. ಕೊಂಡಿ ಹಾಕುವ ಮೊದಲು ಹಾಸು ಎಳೆದು ಬಿಗಿ ಮಾಡಬೇಕು. ಎಡಗೈಯಿಂದ ಎಳೆದಳು; ಒಂದು ಬದಿ ಬಿಗಿಯಾಯಿತು, ಇನ್ನೊಂದು ಸಡಿಲಾಯಿತು. ಎಳೆಗಳು ಕೆನ್ನೆಗೆ ತಾಗಿದವು. ಪ್ಲಾಸ್ಟರಿನ ಕೈಯನ್ನು ಒತ್ತುಗೊಟ್ಟಳು. ನೋವು ಹೋಗಿದೆ ಎಂದು ಮೇಡಮ್ಮಿಗೆ ಹೇಳಿದ್ದು ಸುಳ್ಳೆಂದು ಆಗ ಗೊತ್ತಾಯಿತು.

"ಏಳವ್ವಾ ಮ್ಯಾಲೆ. ಎಡಗೈಲೆ ನೇಯ್ದ ಸೀರಿ ಯಾರು ಉಡ್ತಾರ?"

ಬಾಗಿಲಲ್ಲಿ ಈರಪ್ಪ ನಿಂತಿದ್ದ. ಮಡಚಿದ ಟವೆಲ್ಲು ಹೆಗಲ ಮೇಲೆ, ಕಣ್ಣಿಗೆ ದವಾಖಾನೆಯವರು ಕೊಟ್ಟ ಕರಿ ಚಾಳೀಸು.

ಗುರುಸಿದ್ದವ್ವನಿಗೆ ಏಳಲಾಗಲಿಲ್ಲ. "ಈರಪ್ಪಣ್ಣ, ಮೆಂಬರ್ ಯಾರೂ ಬರಬಾರದಂತ…"

"ನಾ ಯಾವ ಮೆಂಬರು? ಹೆಸರು ಹೊಡದ್ಹಾಕಿ ಎಂಟು ತಿಂಗಳಾತು." ಅವನು ಚಾಳೀಸು ತೆಗೆದು ಜೇಬಿಗೆ ಹಾಕಿದ. "ರಾತ್ರಿ ಕುಂತು ವಿಚಾರ ಮಾಡಿದೆ. ಈ ಓಣ್ಯಾಗ ಕಾಯ್ದೇಶೀರ ನಿನ್ನ ಮಗ್ಗಕ್ಕ ಬರಾಕ ಬರೂದು ನಾ ಒಬ್ಬನ. ನನಗ ಬಾಂಡಿಲ್ಲ, ಚಂದಾ ಇಲ್ಲ, ಪಾಳಿ ಇಲ್ಲ. ಯಾವ ಪೊಲೀಸ ಬಂದ್ರೂ ಹಿಡಿಯಾಕ ನನ್ನ ಮೈಮ್ಯಾಲೆ ಒಂದು ಕಾಗದಿಲ್ಲ. ಏಳು, ಏಳು. ಕೂಲಿ ಬಿಟ್ಟು ಬಂದೇನಿ."

ಅವಳು ಎದ್ದಳು. ಅವನು ಇಳಿದ. ಹಾಸಿನ ಎರಡೂ ಬದಿ ಒಮ್ಮೆ ತಟ್ಟಿ ನೋಡಿ ಬಿಗಿ ಮಾಡಿದ. ಮೈಯ ಹತ್ತಿಯ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸತೊಡಗಿದ. ಮೂಗಿನ ತುದಿಯಿಂದ ಗೇಣು ದೂರದಲ್ಲಿ ಬೆರಳುಗಳು ಆಡುತ್ತಿದ್ದವು. ನೂರಾರು ಕೊಂಡಿ. ಒಂದು ತಪ್ಪಿದರೆ ಸೆರಗಿನುದ್ದಕ್ಕೂ ಗೆರೆ ಬೀಳುತ್ತದೆ. ಗುರುಸಿದ್ದವ್ವ ಎಳೆಗಳನ್ನು ಬಿಡಿಸಿ ಕೊಡುತ್ತ ಕುಣಿಯ ಅಂಚಿನಲ್ಲಿ ಕೂತಳು. ಬಹಳ ಹೊತ್ತಾದ ಮೇಲೆ ಹೇಳಿದಳು:

"ಅವತ್ತ ನಾನೂ ಸಹಿ ಹಾಕೇನಿ, ಅಣ್ಣಾ."

"ನೋಡೇನಿ." ಅವನು ತಲೆಯೆತ್ತಲಿಲ್ಲ. "ಕಣ್ಣು ಬಂದ ಮ್ಯಾಲೆ ಮೊದಲ ಓದಿದ್ದು ಆ ಠರಾವು. ನಿನ್ನ ಅಕ್ಷರ ಭಾಳ ಚೆಂದ ಐತಿ, ಬಿಡು. ಆ ಅನಿಲಕುಮಾರಂದು ಕೋಳಿ ಕೆರದಂಗ."

ಅವಳಿಗೆ ನಗು ಬಂತು, ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು. ಒರೆಸಿಕೊಳ್ಳಲು ಎಡಗೈಯಲ್ಲಿ ಎಳೆಗಳಿದ್ದವು, ಬಲಗೈಯಲ್ಲಿ ಪ್ಲಾಸ್ಟರಿತ್ತು.

"ಎಳಿ ತೋಯ್ಸಬ್ಯಾಡ" ಎಂದ ಈರಪ್ಪ. "ರೇಷ್ಮಿ ಅದು."

ಹನ್ನೊಂದರ ಸುಮಾರಿಗೆ ಬಾಗಿಲ ಬೆಳಕಿಗೆ ಅಡ್ಡವಾಗಿ ಯಾರೋ ನಿಂತರು. ರೋಹಿಣಿ. ಹಿಂದೆ ರಜಿಸ್ಟರು ಹಿಡಿದ ಅನಿಲಕುಮಾರ. ಕುಣಿಯಲ್ಲಿ ಮನುಷ್ಯನನ್ನು ಕಂಡು ಅವನು ರಜಿಸ್ಟರನ್ನು ಎದೆಗೆ ಅವುಚಿಕೊಂಡ.

"ಇವರು ಯಾರು?" ಎಂದಳು ರೋಹಿಣಿ.

"ನಾ ಈರಪ್ಪರಿ. ಅರ್ಜಿದಾರ."

"ಇವತ್ತಿನ ಪಾಳಿ ನಿಮ್ಮದೇನು?"

"ಪಾಳಿಗೀಳಿ ಇಲ್ರಿ. ಸುಮ್ನ ಬಂದೇನಿ."

ರೋಹಿಣಿ ಡೈರಿ ತೆಗೆದಳು. ನಿನ್ನೆಯ ಸಾಲಿನ ಕೆಳಗೆ ಬರೆದಳು, ಬರೆದದ್ದನ್ನು ಮೆಲ್ಲಗೆ ಓದಿಕೊಂಡಳು: ಸುಮ್ಮನೆ ಬಂದಿದ್ದಾರೆ. ಆಮೇಲೆ ಓಣಿಯ ಕಡೆ ನೋಡಿದಳು. ಎದುರು ಕಟ್ಟೆಯ ಮೇಲೆ ಕನಕಪ್ಪ, ಅಹ್ಮದಸಾಬ, ಇನ್ನೂ ನಾಲ್ಕೈದು ಮಂದಿ ಕೈಕಟ್ಟಿ ಕೂತಿದ್ದರು. "ಅವರೆಲ್ಲಾ ಯಾಕ ಹಂಗ ಕುಂತಾರ?"

"ನೀವ ಅಂದ್ರೆಲ್ರಿ ಮೇಡಂ, ಬರಬಾರದು ಅಂತ" ಎಂದ ಅನಿಲಕುಮಾರ.

"ಬರಬ್ಯಾಡ್ರಿ ಅಂತ ನಾ ಎಲ್ಲೆ ಅಂದೇನಿ ತಮ್ಮಾ? ಬರಲೇಬೇಕು ಅಂತ ಬರಕೊಡಬ್ಯಾಡ್ರಿ ಅಂದೇನಿ." ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಮುಂಜಾನೆ ಐದಕ್ಕೆದ್ದು ಎರಡು ಮಕ್ಕಳ ಡಬ್ಬಿ ಕಟ್ಟಿ ಬಂದವಳ ದಣಿವು ಮುಖದಲ್ಲಿತ್ತು. "ಮಂದಿ ಮಂದಿ ಮನಿಗೆ ಹೋಗೂದಕ್ಕ ಪರವಾನಗಿ ಕೇಳೋ ಕಾಯ್ದೆ ಇನ್ನಾ ಬಂದಿಲ್ಲ. ಅಕ್ಕಾರ, ಸ್ವಲ್ಪ ಚಹಾ ಸಿಗತೈತೇನು?"

ಚಹಾ ಮಾಡಿದ್ದು ಹಜರತಬಿ. "ನಂದಕ್ಕ ಸಕ್ಕರಿ ಜಾಸ್ತಿ" ಎಂದ ಈರಪ್ಪ ಕುಣಿಯಿಂದ. ಅನಿಲಕುಮಾರ ಲೋಟ ತಂದು ಅವನ ಕೈಗೆ ಕೊಟ್ಟ. ಕೊಟ್ಟವನು ಅಲ್ಲೇ ನಿಂತ.

"ಕಾಕಾ…"

"ಬೆಳಕಿಗಿ ಅಡ್ಡ ನಿಂತಿ ನೋಡು. ಮತ್ತ ಕಣ್ಣು ಹೋದ್ರ ನಿನ್ನ ಬಾಂಡಿನ್ಯಾಗ ಜಾಗಿಲ್ಲ."

ಅನಿಲಕುಮಾರ ಪಕ್ಕಕ್ಕೆ ಸರಿದು, ನೆಲಕ್ಕೆ ಕೂತು, ಹೇಳದೆ ಕೇಳದೆ ಎಳೆ ಬಿಡಿಸಿ ಕೊಡತೊಡಗಿದ.

*

ಕೊಂಡಿ ಮುಗಿದಾಗ ಸಂಜೆಯಾಗಿತ್ತು. ನಾಳೆ ಬೆಳಿಗ್ಗೆ ತಾನು ಬರುವುದಾಗಿ ಕನಕಪ್ಪ ಹೇಳಿಹೋಗಿದ್ದ. ನಾಡಿದ್ದು ಅಹ್ಮದಸಾಬ. ಯಾರೂ ಬರೆದುಕೊಳ್ಳಲಿಲ್ಲ. ಈರಪ್ಪ ಮಾತ್ರ ಏಳಲಿಲ್ಲ. ಸೆರಗು ಶುರುಮಾಡಿಯೇ ಹೋಗುತ್ತೇನೆ ಎಂದ. ಕೆಂಪು ಎಳೆಗಳ ನಡುವೆ ಬಿಳಿಯ ತೆನೆ ಚಿತ್ತಾರದ ಮೊದಲ ಹಲ್ಲುಗಳು ಮೂಡುತ್ತಿದ್ದವು.

ಏಳಕ್ಕೆ ಫೋನು ಬಂತು.

"ಊಟ ಆತೇನವ್ವಾ?" ಎಂದಳು ಭುವನೇಶ್ವರಿ.

"ಇನ್ನಾ ಇಲ್ಲ. ಸೆರಗಿಗೆ ಬಂದೇನಿ ಈಗ. ನೀ ಓದಿದ್ಯಾ?"

ಇತ್ತ ಲಾಳಿ ಹೋಯಿತು, ಬಂತು. ನೂಲನ್ನು ಒತ್ತುವ ಹಣಿಗೆ ಒಮ್ಮೆ ಜೋರಾಗಿ, ಎರಡು ಸಲ ಮೆಲ್ಲಗೆ ಬಡಿಯಿತು.

"ಈರಪ್ಪಕಾಕಾ ಹೌದಿಲ್ಲ ಅದು?" ಎಂದಳು ಭುವನೇಶ್ವರಿ.

ಗುರುಸಿದ್ದವ್ವ ಮಗ್ಗದ ಕಡೆ ನೋಡಿದಳು.

"ಕೊಂಡಿ ಸಡಲಾಗಬಾರದಂತ ಹಂಗ ಮೆಲ್ಲಕ ಎರಡು ಸಲ ಬಡಿಯಾಂವ ಓಣ್ಯಾಗ ಆತ ಒಬ್ಬನ. ನಿನ್ನಿ ಕನಕಪ್ಪಮಾಮಾ ಇದ್ದ. ಮೊನ್ನಿ ಅಹ್ಮದಚಾಚಾ. ನೀ ಒಂದ ದಿನಾನೂ ಇರಲಿಲ್ಲ." ಹುಡುಗಿ ನೇರವಾಗಿ ಕೇಳಿದಳು. "ಏನಾಗೇತಿ, ಕೈಯೋ ಕಾಲೋ?"

"ಕೈ" ಎಂದಳು ಗುರುಸಿದ್ದವ್ವ. "ಬಲಗೈ. ಕಟ್ಟು ಹಾಕ್ಯಾರ. ಆರಾಮ ಅದೇನಿ, ಯವ್ವಾ. ಖರೇನ ಆರಾಮ ಅದೇನಿ. ನೀ ಬರಬ್ಯಾಡ."

"ಬರೂದಿಲ್ಲ. ಎರಡನೇ ದಿನಾನ ಗೊತ್ತಾಗಿತ್ತು ನನಗ. ಬ್ಯಾಗ್ ತುಂಬಿದ್ದೆ. ಮೂರನೇ ದಿನ ಫೋನ್ ಮಾಡಿದಾಗ ಮತ್ತ ಸಪ್ಪಳ ಕೇಳ್ತು. ನಾಲ್ಕನೇ ದಿನಾನೂ ಕೇಳ್ತು. ಸಪ್ಪಳ ನಿಂತ ದಿನ ಹೋಗೂಣು ಅಂತ ಬ್ಯಾಗ್ ಹಂಗ ಇಟ್ಟೇನಿ."

"ಇವತ್ತ…" ಎಂದು ಗುರುಸಿದ್ದವ್ವ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು. ಬೆಳಿಗ್ಗೆ ಎಂಟಕ್ಕೆ ಮಗ್ಗ ಸುಮ್ಮನಿದ್ದದ್ದು ಮಗಳಿಗೆ ಕೇಳಿರಲಿಲ್ಲ. "ಓದಕೋ ಹೋಗು" ಎಂದಳು.

"ಫೋನ್ ಇಡಬ್ಯಾಡವ್ವಾ. ಅಲ್ಲೇ ಇಡು, ಸ್ವಲ್ಪ ಹೊತ್ತು."

ಅವಳು ಮೊಬೈಲನ್ನು ಸ್ಪೀಕರಿಗೆ ಹಾಕಿ ಕುಣಿಯ ಅಂಚಿನ ಹಲಗೆಯ ಮೇಲೆ ಇಟ್ಟಳು. "ಯಾರದು?" ಎಂದು ಈರಪ್ಪ ಕಣ್ಣಲ್ಲೇ ಕೇಳಿದ. ಅವಳು ರಾಟಿಯ ಮುಂದೆ ಕೂತು ಮುಂದಿನ ಕಂಡಿಕೆ ಸುತ್ತತೊಡಗಿದಳು. ಹಣಿಗೆ ಜೋರಾಗಿ ಒಮ್ಮೆ ಬಡಿಯಿತು, ಮೆಲ್ಲಗೆ ಎರಡು ಸಲ. ಹಲಗೆಯ ಮೇಲಿನ ಮೊಬೈಲಿನಿಂದ, ಬಹಳ ದೂರದಿಂದ ಎಂಬಂತೆ, ಪುಸ್ತಕದ ಹಾಳೆಯೊಂದು ಮಗುಚಿದ ಸಪ್ಪಳ ಬಂತು.